ಸೇಡು ತೀರುತ್ತದೆ, ವೆಂಡೆಟಾ ತೀರುವುದಿಲ್ಲ

ಪ್ರಶ್ನೆ: ಪತ್ರಿಕೆಗಳಲ್ಲಿ ‘ಪೊಲಿಟಿಕಲ್ ವೆಂಡೆಟಾ’ ಅನ್ನುವ ಮಾತು ಜಾಸ್ತಿ ಕಾಣುತ್ತದೆ. ರಿವೆಂಜ್ ಅಂದರೂ ಸೇಡು, ವೆಂಡೆಟಾ ಅಂದರೂ ಸೇಡು. ಎರಡೂ ಒಂದೇನಾ? ಕನ್ನಡದಲ್ಲಿ ಏನನ್ನಬೇಕು?
– ಓದುಗರೊಬ್ಬರು, ತಿಪಟೂರು

ಉತ್ತರ: ಒಂದೇ ಅಲ್ಲ. ಭೀಮ ದುಶ್ಶಾಸನನ ಎದೆ ಬಗೆದದ್ದು ರಿವೆಂಜ್. ದ್ರೌಪದಿಯ ಮುಡಿಗೆ ಕೈ ಹಾಕಿದವನೂ ಅವನೇ, ಸತ್ತವನೂ ಅವನೇ. ಅಲ್ಲಿಗೆ ಲೆಕ್ಕ ಚುಕ್ತಾ. ಪರಶುರಾಮನದು ಹಾಗಲ್ಲ. ಜಮದಗ್ನಿಯನ್ನು ಕೊಂದವರು ಕಾರ್ತವೀರ್ಯಾರ್ಜುನನ ಮಕ್ಕಳು. ಇವನು ಕೊಡಲಿ ಎತ್ತಿದ್ದು ಕ್ಷತ್ರಿಯರೆಲ್ಲರ ಮೇಲೆ, ಅದೂ 21 ಸಲ! ಏನೂ ಮಾಡದವನೂ ಆ ಕುಲದಲ್ಲಿ ಹುಟ್ಟಿದ ತಪ್ಪಿಗೆ ತಲೆ ಕೊಡಬೇಕಾಯಿತು. ಅದು ವೆಂಡೆಟಾ.

ಪದ ಇಟಲಿಯದು, ಬೇರು ಲ್ಯಾಟಿನ್ನಿನ ‘ವಿಂಡಿಕ್ಟಾ’. ‘ವಿಂಡಿಕ್ಟಿವ್’ ಇದರ ನಂಟ. ಇಂಗ್ಲಿಷಿಗೆ ಬಂದದ್ದು 19ನೇ ಶತಮಾನದಲ್ಲಿ. ಆಗ ವೆಂಡೆಟಾ ಅಂದರೆ ಕಾರ್ಸಿಕಾ ದ್ವೀಪದ ನೆನಪು. ಅಲ್ಲಿ ಮನೆಯವನೊಬ್ಬನ ಕೊಲೆಯಾದರೆ ಕೊಂದವನೇ ಸಿಗಬೇಕೆಂದಿರಲಿಲ್ಲ, ಅವನ ಅಣ್ಣತಮ್ಮಂದಿರೋ ನಂಟರೋ ಆದರೂ ಆಯಿತು. ಈಗ ರಕ್ತ ಹರಿಯಬೇಕಿಲ್ಲ. ಒಬ್ಬರ ಮೇಲೆ ಕಣ್ಣಿಟ್ಟು ಬಿಡದೆ ಕಾಟ ಕೊಟ್ಟರೂ ಅದೇ ಹೆಸರು.

ಪತ್ರಿಕೆಯ ಡೆಸ್ಕಿನಲ್ಲಿದ್ದಾಗ ನಾನೂ ‘ಸೇಡಿನ ರಾಜಕಾರಣ’ ಅಂತಲೇ ಹಾಕುತ್ತಿದ್ದೆ. ಹೆಡ್ಡಿಂಗಿಗೆ ಅಳತೆ ಸರಿಯಾಗುತ್ತಿತ್ತು, ಅಷ್ಟೆ. ಆದರೆ ‘ಹಗೆ ಸಾಧಿಸುವುದು’ ಅನ್ನುವುದೇ ಹತ್ತಿರದ ಮಾತು. ಕ್ರಿಯಾಪದ ನೋಡಿ. ಸೇಡನ್ನು ತೀರಿಸುತ್ತೇವೆ, ಹಗೆಯನ್ನು ಸಾಧಿಸುತ್ತೇವೆ. ಹಾಗಾಗಿಯೇ ‘ವೆಂಡೆಟಾ ತೀರಿಸಿಕೊಂಡ’ ಅಂದರೆ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ.

ಇನ್ನು ‘ಮುಯ್ಯಿ’ ಅನ್ನಬಹುದಾ ಅಂತ ಕೇಳಬೇಡಿ. ಅದಂತೂ ಪಕ್ಕಾ ಇಬ್ಬರ ನಡುವಿನ ಕೊಡು-ತಗೊಳ್ಳುವ ಲೆಕ್ಕ. ನಮ್ಮ ಮಂಡ್ಯದ ಕಡೆ ಮದುವೆಯಲ್ಲಿ ಕೊಡುವ ದುಡ್ಡಿಗೂ ಮುಯ್ಯಿ ಅಂತಲೇ ಹೆಸರು. ಅಮ್ಮನ ಹತ್ತಿರ ನೀಲಿ ರಟ್ಟಿನ ನೋಟ್‌ಬುಕ್ ಇತ್ತು. ನಮ್ಮಕ್ಕನ ಮದುವೆಗೆ ಯಾರು 11 ರೂಪಾಯಿ, ಯಾರು ಸ್ಟೀಲ್ ಚೊಂಬು, ಎಲ್ಲ ಅದರಲ್ಲಿ. ಅವರ ಮನೆ ಮದುವೆ ಬಂದಾಗ ಪುಟ ತೆಗೆದು ನೋಡಿ, ಅಷ್ಟಕ್ಕೆ ಮೇಲೊಂದಿಷ್ಟು ಸೇರಿಸಿ ಹೊರಡುತ್ತಿದ್ದಳು. ಹುಡುಗನಾಗಿದ್ದಾಗ ಪತ್ತೇದಾರಿ ಕಾದಂಬರಿಯೊಂದರಲ್ಲಿ ‘ಕೊನೆಗೂ ಅವನು ಮುಯ್ಯಿ ತೀರಿಸಿದ’ ಅಂತ ಓದಿ, ಈ ಖದೀಮ ಯಾರ ಮದುವೆಗೆ ಹೋಗಿದ್ದ ಅಂತ ಹಿಂದಿನ ಪುಟಗಳನ್ನೆಲ್ಲ ತಿರುವಿ ಹಾಕಿದ್ದೆ.