ರಸ್ತೆ ಮೇಲೆ ಪ್ರಾಣಿ ನರಳ್ತಾ ಬಿದ್ದಿದ್ರೆ ಸಾಯಿಸಿಬಿಡೋದೇ ಒಳ್ಳೇದಾ?

ನೀವು ಬರೆದಿರೋದು ಇಷ್ಟು: ಹೋದ ವಾರ ಬೈಪಾಸಲ್ಲಿ ಲಾರಿ ಹೊಡೆದು ಹಿಂದಿನ ಎರಡೂ ಕಾಲು ಎಳ್ಕೊಂಡು ತೆವಳ್ತಿದ್ದ ನಾಯಿ ನೋಡಿದ್ರಿ, ಜೊತೆಗಿದ್ದ ಫ್ರೆಂಡು "ಒಂದ್ ಕಲ್ಲು ಎತ್ತಾಕು, ಪುಣ್ಯ ಬರುತ್ತೆ" ಅಂದ್ರು, ನಿಮಗೆ ಕೈ ಬರ್ಲಿಲ್ಲ, ನಿಂತ್ಕೊಳ್ಳೋಕೂ ಆಗ್ದೆ ಬಂದ್ಬಿಟ್ರಿ. ಕಲ್ಲು ಎತ್ತದೇ ಇದ್ದಿದ್ದು ಸರಿ. ಬಿಟ್ಟು ಬಂದಿದ್ದಕ್ಕೆ ಬೈಯೋಣ ಅಂದ್ರೆ ನಾನೂ ಎರಡ್ ಸಲ ಹಂಗೇ ಬಂದಿದೀನಿ.

ಮೂರನೇ ಸಲ ನಿಂತೆ. ಅರಸೀಕೆರೆ ರೋಡಲ್ಲಿ, ಜಡಿಮಳೆ, ಕಂದು ಬಣ್ಣದ ಹೆಣ್ಣುನಾಯಿ, ನಿಮ್ಮದರ ಥರಾನೇ ಹಿಂದಿನ ಕಾಲು ಎರಡೂ ಚಿಂದಿ ಬಟ್ಟೆ ಹಂಗೆ ನೇತಾಡ್ತಿದ್ವು. ಬೆನ್ನುಮೂಳೆ ಹೋಗಿದೆ, ಇದರ ಕಥೆ ಮುಗೀತು ಅಂತ ನಾನು ತೀರ್ಮಾನ ಮಾಡೇಬಿಟ್ಟಿದ್ದೆ. ಟೀ ಅಂಗಡಿಯವರ ಹತ್ರ ಗೋಣಿಚೀಲ ಇಸ್ಕೊಂಡು, ಭಾವ ಒಂದ್ ಕಡೆ ನಾನೊಂದ್ ಕಡೆ ಹಿಡಿದು ಲಗೇಜ್ ಆಟೋಗೆ ಹಾಕಿ ದನದ ಆಸ್ಪತ್ರೆಗೆ ತಗೊಂಡು ಹೋದ್ವಿ. ಅಲ್ಲಿ ಡಾಕ್ಟ್ರು ಮಾಡಿದ್ದು ಬಾಳ ಸಿಂಪಲ್, ಚಿಮಟದಂಥದ್ರಲ್ಲಿ ಹಿಂಗಾಲಿನ ಬೆರಳನ್ನ ಗಟ್ಟಿಯಾಗಿ ಅಮುಕಿದ್ರು. ಕಾಲು ಹಿಂದಕ್ಕೆ ಎಳ್ಕೊಂಡ್ರೆ ಅಷ್ಟಕ್ಕೇ ಖುಷಿ ಪಡಬಾರ್ದಂತೆ, ಅದು ಬೆನ್ನುಹುರಿ ತಾನಾಗೇ ಮಾಡೋ ಕೆಲಸ, ಮೆದುಳಿಗೆ ಸುದ್ದಿ ಹೋಗಿಲ್ದೇನೂ ಆಗುತ್ತೆ. ನಾಯಿ ತಿರುಗಿ ನೋಡ್ಬೇಕು, ಇಲ್ಲಾ ಕಿರುಚ್ಬೇಕು. ಇದು ಕಿರುಚ್ತು ನೋಡಿ, ಡಾಕ್ಟ್ರು ನಕ್ರು. ಎಕ್ಸ್‌ರೇಲಿ ಸೊಂಟದ ಮೂಳೆ ಮುರಿದಿತ್ತು, ಬೆನ್ನು ನೆಟ್ಟಗಿತ್ತು. ಆಪರೇಷನ್ನೂ ಇಲ್ಲ, ಆರು ವಾರ ಚಿಕ್ಕ ಜಾಗದಲ್ಲಿ ಓಡಾಡದಂಗೆ ಕೂಡಿಹಾಕಿ ಅಂದ್ರು, ನಮ್ಮ ಸೌದೆ ಕೊಟ್ಟಿಗೇಲಿ ಇಟ್ವಿ. ಈಗ ಸೊಂಟ ಸ್ವಲ್ಪ ವಾರೆ ಮಾಡ್ಕೊಂಡು ಓಡುತ್ತೆ, ಸ್ಕೂಟರ್ ಅಟ್ಟಿಸ್ಕೊಂಡು ಹೋಗೋದು ಮಾತ್ರ ಬಿಟ್ಟಿಲ್ಲ.

ನಾನು ಹೇಳೋದಿಷ್ಟೇ, ಉಳಿಯುತ್ತೋ ಇಲ್ವೋ ಅನ್ನೋದು ರಸ್ತೆ ಮೇಲೆ ನಿಂತು ನೋಡಿದ್ರೆ ನಮಗೆ ಗೊತ್ತಾಗಲ್ಲ. ಅದನ್ನ ಡಾಕ್ಟ್ರಿಗೆ ಬಿಡಿ, ಅವರ ತನಕ ಮುಟ್ಟಿಸೋದು ನಮ್ ಪಾಲು. ಇನ್ನೊಂದು, ಕಲ್ಲು ಒಂದೇ ಏಟಿಗೆ ಕೆಲಸ ಮುಗಿಸಲ್ಲ, ಎರಡನೇ ಏಟು ಹಾಕೋ ಧೈರ್ಯ ಯಾರಿಗೂ ಇರಲ್ಲ, ಅರ್ಧ ಸತ್ತಿದ್ದನ್ನ ಬಿಟ್ಟು ಓಡ್ತಾರೆ. ಕಾನೂನು ಪ್ರಕಾರ ನೋಡಿದ್ರೂ ಭಾರತೀಯ ನ್ಯಾಯ ಸಂಹಿತೆ 325ನೇ ಸೆಕ್ಷನ್ನಲ್ಲಿ ಪ್ರಾಣಿ ಕೊಲ್ಲೋದಕ್ಕೆ 5 ವರ್ಷದವರೆಗೆ ಜೈಲಿದೆ, ಪಾಪ ಅನ್ನಿಸ್ತು ಅದಕ್ಕೇ ಮಾಡ್ದೆ ಅಂತ ಸ್ಟೇಷನ್ನಲ್ಲಿ ವಿವರಿಸ್ಕೊಂಡು ಕೂರ್ಬೇಕಾಗುತ್ತೆ.

ಎತ್ತುವಾಗ ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ. ನೇರ ಮುಖದ ಹತ್ರ ಕೈ ಹಾಕ್ದೆ, ಕಚ್ತು. ಎಷ್ಟೇ ಸಾಧು ನಾಯಿ ಆಗಿರ್ಲಿ ನೋವಲ್ಲಿ ಕಚ್ಚುತ್ತೆ. ಮೊದಲು ಬೈಕ್ ಇಂಡಿಕೇಟರ್ ಹಾಕಿ ಹಿಂದೆ ಅಡ್ಡ ನಿಲ್ಸಿ, ನಿಮ್ಮನ್ನೂ ಯಾರಾದ್ರೂ ಗುದ್ದಿದ್ರೆ ಕಷ್ಟ. ತಲೆ ಮೇಲೆ ಟವಲ್ಲೋ ಜಾಕೆಟ್ಟೋ ಹಾಕಿ, ಬಾಯಿಗೆ ಬಟ್ಟೆ ಸುತ್ತಿ ಕಟ್ಟಿ, ಆದ್ರೆ ಮೂಗು ಬಾಯಲ್ಲಿ ರಕ್ತ ಬರ್ತಿದ್ರೆ, ಇಲ್ಲಾ ಏದುಸಿರು ಬಿಡ್ತಿದ್ರೆ ಕಟ್ಟಬೇಡಿ. ಹೊಟ್ಟೆ ಕೆಳಗೆ ಕೈ ಕೊಟ್ಟು ಎತ್ಬೇಡಿ, ಹಲಗೆನೋ ಗೋಣಿಚೀಲನೋ ಪಕ್ಕಕ್ಕಿಟ್ಟು ಅದರ ಮೇಲಕ್ಕೆ ಎಳ್ಕೊಳಿ. ರಕ್ತ ಸುರೀತಿದ್ರೆ ಬಟ್ಟೆ ಒತ್ತಿ ಹಿಡೀರಿ. ಬಾಯಿಗೆ ನೀರು ಹುಯ್ಬೇಡಿ, ನಮ್ ಜನಕ್ಕೆ ಅದೊಂದು ಚಟ, ಶ್ವಾಸಕೋಶಕ್ಕೆ ಹೋಗುತ್ತೆ. ಮನುಷ್ಯರ ನೋವಿನ ಮಾತ್ರೆನೂ ಬೇಡ, ಬೆಕ್ಕಂತೂ ಒಂದೇ ಒಂದು ಪ್ಯಾರಾಸಿಟಮಾಲ್‌ಗೆ ಸತ್ತುಹೋಗ್ಬೋದು. ಅಕಸ್ಮಾತ್ ಕಚ್ಚಿದ್ರೆ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀರಿ, ಅವತ್ತೇ ರೇಬೀಸ್ ಇಂಜೆಕ್ಷನ್ ಶುರು ಮಾಡಿ. ನಂಗೆ ಆ ದಿನ ಒಂದು, ಆಮೇಲೆ 3, 7, 14, 28ನೇ ದಿನ, ರಕ್ತ ಬಂದಿದ್ರಿಂದ ಗಾಯದ ಸುತ್ತ ಸೀರಮ್ ಬೇರೆ, ಅದು ರೇಬೀಸ್ ವಿರುದ್ಧ ತಕ್ಷಣ ಕೆಲಸ ಮಾಡೋ ಔಷಧಿ. ನಾಯಿಗಿಂತ ಜಾಸ್ತಿ ಚುಚ್ಚಿಸ್ಕೊಂಡಿದ್ದು ನಾನೇ.

ಎತ್ತೋಕಾಗದ ದನ ಎಮ್ಮೆ ಆದ್ರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಆಂಬುಲೆನ್ಸು. ಜಿಂಕೆ, ಕೋತಿ, ನವಿಲು ಆದ್ರೆ ಮುಟ್ಟಲೇಬೇಡಿ, ಅರಣ್ಯ ಇಲಾಖೆಗೆ 1926. ಜಿಂಕೆ ಅಂತೂ ಮನುಷ್ಯ ಹಿಡ್ಕೊಂಡ ಭಯಕ್ಕೇ ಸತ್ತುಬಿಡ್ಬೋದು, ದೂರದಲ್ಲಿ ನಿಂತು ಜನರನ್ನ, ಮೊಬೈಲುಗಳನ್ನ ಹತ್ರ ಬಿಡದೇ ಇದ್ರೆ ಅದೇ ದೊಡ್ಡ ಉಪಕಾರ.

ಎಲ್ಲಾ ಉಳಿಯುತ್ತೆ ಅಂತ ಸುಳ್ಳು ಹೇಳಲ್ಲ. ಆಮೇಲೊಂದು ಗಂಡುನಾಯಿ ತಗೊಂಡು ಹೋದಾಗ ಡಾಕ್ಟ್ರು ಬೆರಳು ಎಷ್ಟು ಅಮುಕಿದ್ರೂ ಅದು ನನ್ನ ಮುಖಾನೇ ನೋಡ್ತಿತ್ತು. ಬೆನ್ನುಹುರಿ ತುಂಡಾಗಿತ್ತು. ಗಾಲಿ ಕಟ್ಟಿ ಸಾಕೋರೂ ಇದಾರೆ, ಆದ್ರೆ ದಿನಕ್ಕೆ ಮೂರ್ನಾಲ್ಕು ಸಲ ಉಚ್ಚೆ ಕೈಯಲ್ಲೇ ಒತ್ತಿ ತೆಗೀಬೇಕು, ಹುಣ್ಣಾಗದಂಗೆ ನೋಡ್ಕೋಬೇಕು, ನಿಮ್ ಕೈಲಾಗುತ್ತಾ ಅಂತ ಕೇಳಿದ್ರು. ಆಗಲ್ಲ ಅಂದೆ. ಮೊದಲು ಮಂಪರು ಬರೋ ಇಂಜೆಕ್ಷನ್, ಆಮೇಲೆ ಇನ್ನೊಂದು. ತಲೆ ನನ್ನ ತೊಡೆ ಮೇಲಿತ್ತು, ಉಸಿರು ನಿಂತಿದ್ದೇ ಗೊತ್ತಾಗ್ಲಿಲ್ಲ.

ನೀವು ನೋಡಿ ಒಂದ್ ವಾರ ಆಯ್ತು ಅಂದ್ರಲ್ಲ, ಆ ಬೈಪಾಸ್ ಹತ್ರ ಪಂಚರ್ ಅಂಗಡಿನೋ ಟೀ ಅಂಗಡಿನೋ ಇದ್ರೆ ಒಂದ್ ಮಾತು ಕೇಳಿ. ಇಂಥವು ಮೋರಿ ಒಳಗೆ ಸೇರ್ಕೊಂಡು ಎಷ್ಟೋ ದಿನ ಬಿದ್ದಿರ್ತಾವೆ. ಹೋಗುವಾಗ ಗೋಣಿಚೀಲ ಇಟ್ಕೊಳಿ.