ದುರ್ಬೀನಿನ ಕನ್ನಡಿಗೆ ಯಾವ ನಂಬರಿನ ಪುಡಿ?

ಪ್ರಶ್ನೆ: ಆರು ಇಂಚಿನ, ಎಫ್/8 (ನಾಭಿದೂರ ಅಗಲದ ಎಂಟು ಪಟ್ಟು) ಕನ್ನಡಿ ಉಜ್ಜುತ್ತಿದ್ದೇನೆ. 80ನೇ ನಂಬರಿನ ಕಾರ್ಬೊರಂಡಮ್ ಪುಡಿಯಲ್ಲಿ ಗುಳಿ ಬಂದಿದೆ. ಇನ್ನು ನೇರವಾಗಿ 400ಕ್ಕೆ ಹೋದರೆ ನಡುವಿನ ಪುಡಿಗಳ ಖರ್ಚು ಉಳಿಯುವುದಿಲ್ಲವೇ?

ಉತ್ತರ: ಖರ್ಚು ಉಳಿದೀತು, ರಟ್ಟೆ ಉಳಿಯುವುದಿಲ್ಲ. 80ರ ಕಾಳು ಸುಮಾರು 185 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು), 400ರದ್ದು 17. ದಪ್ಪ ಕಾಳು ಗಾಜಿನಲ್ಲಿ ಹಳ್ಳ ತೋಡುವುದಷ್ಟೇ ಅಲ್ಲ, ಹಳ್ಳದ ಕೆಳಗೆ ಕಣ್ಣಿಗೆ ಕಾಣದ ಬಿರುಕುಗಳನ್ನೂ ಬಿಟ್ಟಿರುತ್ತದೆ. ಅಷ್ಟನ್ನೂ 400ರಿಂದ ಸವೆಸಲು ದಿನಗಟ್ಟಲೆ ಉಜ್ಜಬೇಕು. ಪ್ರತಿ ಹಂತದಲ್ಲಿ ಕಾಳು ಹೆಚ್ಚುಕಡಿಮೆ ಅರ್ಧವಾಗುತ್ತಾ ಬರಲಿ: 80, 120, 220, 320, 500. ಒಂದನ್ನು ಬಿಡಲೇಬೇಕೆಂದರೆ 120 ಬಿಡಿ. 220ರಲ್ಲಿ ಹೆಚ್ಚು ಹೊತ್ತು ಉಜ್ಜಿದರೆ ಸರಿಹೋಗುತ್ತದೆ. 500 ಆದಮೇಲೆ ಅಲ್ಯೂಮಿನಿಯಮ್ ಆಕ್ಸೈಡ್, 9 ಮತ್ತು 5 ಮೈಕ್ರಾನ್. ಇದರ ಹಳ್ಳ ಆಳಕ್ಕಿಳಿಯದ ಕಾರಣ ಪಿಚ್ (ಡಾಂಬರಿನಂಥ ಅಂಟು) ಮೇಲೆ ಸೀರಿಯಮ್ ಆಕ್ಸೈಡ್ ಪಾಲಿಶ್ ಬೇಗ ಏರುತ್ತದೆ.

80ರಲ್ಲೇ ಪೂರ್ತಿ ಆಳ ತೋಡಬೇಡಿ. 150 ಮಿ.ಮೀ. ಅಗಲಕ್ಕೆ, 1200 ಮಿ.ಮೀ. ನಾಭಿದೂರಕ್ಕೆ ನಡುವಿನ ಗುಳಿ 1.17 ಮಿ.ಮೀ. ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು, ಕೆಳಗೆ 1.1 ಮಿ.ಮೀ. ಡ್ರಿಲ್ ಬಿಟ್‌ನ ಹಿಂಬದಿ ತೂರಿಸಿ. ತಾಗಿಕೊಂಡು ಹೋದರೆ ನಿಲ್ಲಿಸಿ. ಉಳಿದದ್ದು ಮುಂದಿನ ಪುಡಿಗಳ ಪಾಲು.

80ರ ಪುಡಿ 400 ಗ್ರಾಂ, 120 ಮತ್ತು 220 ತಲಾ 100ರಿಂದ 150 ಗ್ರಾಂ, ಅದಕ್ಕಿಂತ ನುಣುಪಾದವು ತಲಾ 50 ಗ್ರಾಂ ಇದ್ದರೆ ಧಾರಾಳ. ಕೊಳ್ಳುವಾಗ ನಂಬರಿಗಿಂತ ಮೈಕ್ರಾನ್ ಕೇಳಿ. ಎಮೆರಿ ಕಾಗದದ ಪಿ400 ಎಂದರೆ 35 ಮೈಕ್ರಾನ್, ಬಿಡಿ ಪುಡಿಯ ಎಫ್400 ಎಂದರೆ 17! ಗ್ಯಾರೇಜಿನ ವಾಲ್ವ್ ಪೇಸ್ಟ್ ಬೇಡವೇ ಬೇಡ, ಅದರ ಗ್ರೀಸ್ ತೊಳೆದು ಹೋಗುವುದಿಲ್ಲ.

ಪ್ರಶ್ನೆ: 220ರಲ್ಲಿ ಎರಡು ಗಂಟೆ ಉಜ್ಜಿದರೂ ಅಂಚಿನ ಹತ್ತಿರ ಹಳ್ಳಗಳು ಹಾಗೇ ಇವೆ. ಪುಡಿ ಕಳಪೆಯೇ?

ಉತ್ತರ: ಪುಡಿಯನ್ನು ದೂರಬೇಡಿ, ಅಂಚು ಅಡಿಗಾಜಿಗೆ (ಕನ್ನಡಿಯನ್ನು ಉಜ್ಜುವ ಜೋಡಿ ಗಾಜು) ತಾಗುತ್ತಿಲ್ಲ. ಕನ್ನಡಿಯನ್ನೇ ಸದಾ ಮೇಲಿಟ್ಟು ಉಜ್ಜಿದರೆ ನಡು ಮೊದಲು ಸವೆಯುತ್ತದೆ. ಒಣಗಿದ ಕನ್ನಡಿಯ ಮೇಲೆ ಪೆನ್ಸಿಲಿನಿಂದ ಚೌಕಳಿ ಗೆರೆ ಎಳೆದು, ಸ್ವಲ್ಪ ಪುಡಿ, ನೀರು ಹಾಕಿ ಒಂದು ನಿಮಿಷ ಉಜ್ಜಿ. ನಡುವಿನ ಗೆರೆ ಅಳಿಸಿ ಅಂಚಿನದು ಉಳಿದರೆ, ಕನ್ನಡಿಯನ್ನು ಕೆಳಗಿಟ್ಟು ಅಡಿಗಾಜನ್ನು ಮೇಲೆ ಹಿಡಿಯಿರಿ. ಎಳೆತ ವ್ಯಾಸದ ಮೂರನೇ ಒಂದು ಭಾಗ ಮೀರದಿರಲಿ. ಗೆರೆಗಳೆಲ್ಲ ಒಟ್ಟಿಗೆ ಅಳಿಸತೊಡಗಿದ ಮೇಲೆ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಅಂಚನ್ನೇ ನೋಡಿ. ಎಲ್ಲ ಹಳ್ಳವೂ ಒಂದೇ ಗಾತ್ರ ಕಾಣುವವರೆಗೆ ಮುಂದಿನ ಪುಡಿಯ ಡಬ್ಬಿ ತೆರೆಯಬೇಡಿ.

ಹಾಗೇ ಅಂಚಿನ ಓರೆ (ಚೂಪು ತೆಗೆಯಲು ತೀಡಿದ ಇಳಿಜಾರು) ಸವೆದಿದೆಯೇ ನೋಡಿ. 2 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಒದ್ದೆ ಸಾಣೆಕಲ್ಲಿನಿಂದ ಮತ್ತೆ ತೀಡಿ. ಚೂಪಾದ ಅಂಚು ಚಕ್ಕೆ ಎದ್ದರೆ, ಆ ಒಂದು ಚಕ್ಕೆ ಕನ್ನಡಿಯ ಉದ್ದಕ್ಕೂ ಗೀರು ಎಳೆಯುತ್ತದೆ. ಬಕೆಟ್ಟಿನ ಕೆಸರನ್ನು ಬಚ್ಚಲಿಗೆ ಸುರಿಯಬೇಡಿ, ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ.