ಹೊಲ ಮಾರಿ ಎಂಜಿನಿಯರಿಂಗ್ ಓದಿಸಬೇಕೇ?

ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನ ರೈತ. ಸಿಇಟಿ ಮೊದಲ ಸುತ್ತಿನಲ್ಲಿ ಮಗಳಿಗೆ ದಾವಣಗೆರೆಯಲ್ಲಿ ಸಿವಿಲ್ ವಿಭಾಗದ ಸರ್ಕಾರಿ ಸೀಟು ಸಿಕ್ಕಿದೆ. ಅವಳಿಗೆ ಕಂಪ್ಯೂಟರ್ ಸೈನ್ಸ್ ಮೇಲೆ ಆಸೆ. ಬೆಂಗಳೂರಿನ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗೆ ವರ್ಷಕ್ಕೆ ನಾಲ್ಕು ಲಕ್ಷ ಕೇಳುತ್ತಿದ್ದಾರೆ. ಒಂದು ಎಕರೆ ಮಾರಬೇಕಾಗುತ್ತದೆ. ‘ಓದಿದವರೆಲ್ಲ ಮನೆಯಲ್ಲೇ ಕೂತಿದ್ದಾರೆ, ಡಿಗ್ರಿಗೆ ದುಡ್ಡು ಸುರಿಯಬೇಡ’ ಎನ್ನುತ್ತಾರೆ ಊರಿನವರು. ಏನು ಮಾಡಲಿ?

ಉತ್ತರ: ಹೊಲ ಮಾರಬೇಡಿ, ಮಗಳ ಓದನ್ನೂ ನಿಲ್ಲಿಸಬೇಡಿ.

ಊರಿನವರ ಮಾತು ಪೂರ್ತಿ ಸುಳ್ಳಲ್ಲ. ಕೇಂದ್ರ ಸರ್ಕಾರದ ಸಮೀಕ್ಷೆಗಳಲ್ಲಿ ಅನಕ್ಷರಸ್ಥರಿಗಿಂತ ಪದವೀಧರರಲ್ಲೇ ನಿರುದ್ಯೋಗದ ಪ್ರಮಾಣ ಹೆಚ್ಚು. ಆದರೆ ಓದದವರು ಹೊಟ್ಟೆಪಾಡಿಗೆ ಕೂಲಿಗಾದರೂ ಹೋಗಲೇಬೇಕು. ಹೋದರೆ ಲೆಕ್ಕದಲ್ಲಿ ಅವರು ಉದ್ಯೋಗಸ್ಥರು. ಪದವೀಧರರು ತಕ್ಕ ಕೆಲಸ ಸಿಗುವವರೆಗೆ ಕಾಯುತ್ತಾರೆ. ಹೀಗಾಗಿ ಆ ಅಂಕಿ ನೋಡಿ ಪದವಿಯೇ ದಂಡ ಎನ್ನಲಾಗದು. ಕಾಯುವ ಆ ದಿನಗಳಲ್ಲಿ ಮನೆಯ ಮೇಲೆ ಎಷ್ಟು ಸಾಲವಿರುತ್ತದೆ ಎಂಬುದೇ ನನ್ನ ಚಿಂತೆ. ನೀವು ಹೇಳಿದ ಸೀಟಿಗೆ ಶುಲ್ಕವೇ 16 ಲಕ್ಷ. ಪಿಜಿ ಬಾಡಿಗೆ, ಊಟದ ಖರ್ಚು ಬೇರೆ.

ಸದ್ಯಕ್ಕೆ ಸಿಇಟಿ ಸೀಟು ಹಂಚುವ ಕೆಇಎಯಲ್ಲಿ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ‘ಚಾಯ್ಸ್ 2’ ಕೊಡಿ. ಸಿವಿಲ್ ಸೀಟು ಕೈಯಲ್ಲಿರುತ್ತದೆ. ಆಯ್ಕೆಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವ ಸೀಟು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಮಾತ್ರ ಹಳೆಯದು ರದ್ದಾಗುತ್ತದೆ. ಮಗಳ ಜೊತೆ ಕೂತು ಆ ಪಟ್ಟಿಯನ್ನು ನೋಡಿ. ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಅದರಲ್ಲಿದೆಯೇ? ಬೆಂಗಳೂರೇ ಆಗಬೇಕೆಂಬ ಹಟದಲ್ಲಿ ಮನೆ ಹತ್ತಿರದ ಅಗ್ಗದ ಸೀಟನ್ನು ಬರೆಯದೇ ಬಿಟ್ಟ ಮಕ್ಕಳನ್ನು ಪ್ರತಿವರ್ಷ ಕಾಣುತ್ತೇನೆ, ಬಹಳ ಸಂಕಟವಾಗುತ್ತದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ (ಕಡಿಮೆ ಆದಾಯದವರಿಗಾಗಿ ಇರುವ ಹೆಚ್ಚುವರಿ ಕೋಟಾ) ಸೀಟುಗಳೂ ಇವೆ. ಅವುಗಳಿಗೆ ಬೋಧನಾ ಶುಲ್ಕವಿಲ್ಲ.

ಹಣ ಸಾಲದಿದ್ದರೆ ಬ್ಯಾಂಕಿಗೆ ಹೋಗಿ, ಲೇವಾದೇವಿಯವರ ಬಳಿ ಬೇಡ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಮೀನು ಅಡವಿಡಬೇಕಿಲ್ಲ. ಓದು ಮುಗಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಕಂತು ಇರುವುದಿಲ್ಲ. ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ (ಇವೆರಡೂ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಗಳು) ಮಾನ್ಯತೆ ಇದ್ದರೆ ಅಲ್ಲಿಯವರೆಗಿನ ಬಡ್ಡಿಯನ್ನು ಕೇಂದ್ರವೇ ತುಂಬುವ ಯೋಜನೆಯಿದೆ. ತಹಶೀಲ್ದಾರರ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಈ ವಾರವೇ ಹೊಸದಕ್ಕೆ ಅರ್ಜಿ ಹಾಕಿ.

ಯಾವ ಕಾಲೇಜಿಗೆ ಹೋದರೂ ಬೋಧನಾ ಶುಲ್ಕದ ಜೊತೆ ‘ಇತರೆ ಶುಲ್ಕ’ ಎಷ್ಟೆಂದು ಬರಹದಲ್ಲಿ ಕೇಳಿ. ಪ್ಲೇಸ್‌ಮೆಂಟ್ ಫಲಕದ ಫೋಟೊಗಳಿಗೆ ಮರುಳಾಗದೆ, ಮಗಳು ಸೇರುವ ವಿಭಾಗದಲ್ಲಿ ಕಳೆದ ವರ್ಷ ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂದು ವಿಚಾರಿಸಿ. ರಸೀದಿಯಿಲ್ಲದೆ ಡೊನೇಷನ್ ಕೇಳಿದರೆ ಎದ್ದು ಬನ್ನಿ. 1984ರ ರಾಜ್ಯ ಕಾಯ್ದೆಯೇ ಅದನ್ನು ನಿಷೇಧಿಸಿದೆ.